ಹಳೆ ರೈಲು ಡಬ್ಬಿ: ವಯಸ್ಸು ಗುರುತಿಸುವುದು, ಉಳಿಸುವುದು

ಪರಂಪರೆ ಸಂರಕ್ಷಣೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಗುಡಿ, ಕೋಟೆ, ಶಾಸನ ಎಲ್ಲರೂ ಓದುತ್ತಾರೆ. ಹಂಪಿ ಪಕ್ಕದಲ್ಲೇ ಇರುವ ನಮ್ಮ ಬಳ್ಳಾರಿ ಕಡೆಯವರಿಗಂತೂ ಪರಂಪರೆ ಅಂದರೆ ಕಲ್ಲು ಅಂತಲೇ ಆಗಿಬಿಟ್ಟಿದೆ. ಪ್ರಯಾಣಿಕರ ರೈಲು ಡಬ್ಬಿಯನ್ನ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆದರೆ ಉಳಿಸುವ ಕೆಲಸದ ತಲೆನೋವೆಲ್ಲ ಒಟ್ಟಿಗೇ ನೋಡಬೇಕು ಅಂದರೆ ಇದೇ ಸರಿ. ಡಬ್ಬಿ ಹತ್ತಾರು ವರ್ಷ ಓಡುತ್ತದೆ, ವರ್ಕ್‌ಶಾಪಿಗೆ ಹೋದಾಗಲೆಲ್ಲ ಏನಾದರೊಂದು ಬದಲಾಯಿಸಿಕೊಂಡು ಬರುತ್ತದೆ. ಹಾಗಾಗಿ ಅದಕ್ಕೆ ಒಂದೇ ವಯಸ್ಸು ಅಂತ ಇರುವುದಿಲ್ಲ. ಕೆಳಗಿನ ಎಲ್ಲ ಮಾತೂ ಇದರ ಸುತ್ತಲೇ.

ಮೊದಲು ನಮ್ಮ ಕಡೆಯ ಹಳಿ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆ, ಎರಡೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಅದು ಬ್ರಾಡ್ ಗೇಜ್, ಹಳಿಗಳ ನಡುವೆ 1676 ಮಿಲಿಮೀಟರ್. 1876-78ರ ದೊಡ್ಡ ಬರ ಬಳ್ಳಾರಿ ಸೀಮೆಯನ್ನ ಹಿಂಡಿ ಹಾಕಿತಲ್ಲ, ಅದಾದ ಮೇಲೆ ಕಾಳು ಸಾಗಿಸಲು ಹಳಿ ಬೇಕು ಅನ್ನುವ ಮಾತು ಜೋರಾಯಿತು. ಸದರ್ನ್ ಮರಾಠಾ ರೈಲ್ವೆ ಹುಟ್ಟಿದ್ದು ಈ ಹಿನ್ನೆಲೆಯಲ್ಲೇ. 1880ರ ದಶಕದಲ್ಲಿ ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ಸಾಲಿಗೆ ಅವರ ಮೀಟರ್ ಗೇಜ್ ಬಂತು, ಅಂದರೆ 1000 ಮಿಲಿಮೀಟರ್. ಡಬ್ಬಿಗಳ ರಿಪೇರಿಗೆ 1885ರಲ್ಲಿ ಹುಬ್ಬಳ್ಳಿ ವರ್ಕ್‌ಶಾಪ್ ಶುರುವಾಯಿತು. 1908ರಲ್ಲಿ ಎರಡು ಕಂಪನಿ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ, 1951ರಲ್ಲಿ ಸದರ್ನ್ ರೈಲ್ವೆ. ಇಷ್ಟು ಗೊತ್ತಿದ್ದರೆ ಡಬ್ಬಿಯ ಮೇಲೆ ಯಾವ ಕಂಪನಿಯ ಅಕ್ಷರ ಇರಬಹುದು ಅಂತ ಅಂದಾಜು ಸಿಗುತ್ತದೆ.

ಈಗ ಡಬ್ಬಿಗೆ ಬರೋಣ. ಹಳೆಯದರಲ್ಲಿ ಕೆಳಗೆ ಕಬ್ಬಿಣ ಅಥವಾ ಉಕ್ಕಿನ ಚೌಕಟ್ಟು, ಮೇಲೆ ಸಾಗವಾನಿ ಮರದ ಮೈ. ಭಾರ ಎಲ್ಲ ಹೊರುವುದು ಕೆಳಗಿನ ಚೌಕಟ್ಟು, ಮೈ ಅದರ ಮೇಲೆ ಸುಮ್ನೆ ಕೂತಿರುತ್ತದೆ. ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ 1955ರಲ್ಲಿ ಶುರುವಾದ ಮೇಲೆ ಲೆಕ್ಕವೇ ಬದಲಾಯಿತು. ಸ್ವಿಟ್ಜರ್ಲೆಂಡಿನ ವಿನ್ಯಾಸದ ಆ ಉಕ್ಕಿನ ಡಬ್ಬಿಯಲ್ಲಿ ಗೋಡೆ, ಚಾವಣಿ, ನೆಲ ಎಲ್ಲ ಸೇರಿ ಭಾರ ಹೊರುತ್ತವೆ. ಮರದ ಮೈ ಕಂಡರೆ ಅದಕ್ಕಿಂತ ಹಿಂದಿನ ವಿನ್ಯಾಸ ಅಂತ ಧೈರ್ಯವಾಗಿ ಬರೆಯಬಹುದು.

ಕಿಟಕಿ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಮೇಲ್ದರ್ಜೆ ಡಬ್ಬಿಯಾದರೆ ಒಂದೇ ಕಿಟಕಿಗೆ ಮೂರು ಪದರ: ಗಾಜು, ಮರದ ಪಟ್ಟಿಗಳ ಪರದೆ, ತಂತಿ ಜಾಲರಿ. ಮೂರೂ ಕೆಳಗೆ ಜಾರಿ ಗೋಡೆಯ ಒಳಗಿನ ಸಂದಿಗೆ ಇಳಿಯುತ್ತವೆ. ಎತ್ತಲು ತೂತು ತೂತಿನ ಚರ್ಮದ ಪಟ್ಟಿ, ಎಷ್ಟು ಎತ್ತರ ಬೇಕೋ ಆ ತೂತನ್ನ ಗುಬುಟಿಗೆ ಸಿಗಿಸುವುದು. ಮಳೆ ನೀರು ಇಳಿಯುವುದೂ ಅದೇ ಸಂದಿಗೆ. ಹೊರಗಿಂದ ಬಣ್ಣ ಮಿರಮಿರ ಅಂತಿದ್ದರೂ ಕಿಟಕಿ ಕೆಳಗಿನ ಅಡ್ಡಪಟ್ಟಿ ಒಳಗೇ ಕೊಳೆತು ಪುಡಿಯಾಗಿರುತ್ತದೆ. ಮರದ ಡಬ್ಬಿ ಪರೀಕ್ಷೆ ಮಾಡುವವರು ಮೊದಲು ಚೂಪಾದ ಮೊಳೆಯಿಂದ ಚುಚ್ಚಿ ನೋಡಬೇಕಾದ್ದು ಅಲ್ಲೇ. ಆಮೇಲೆ ಚಾವಣಿ ಅಂಚು, ಯಾಕಂದರೆ ಹಲಗೆ ಮೇಲೆ ಕ್ಯಾನ್ವಾಸ್ ಹಾಸಿ ಬಣ್ಣ ಬಳಿದ ಚಾವಣಿ ಅದು, ಬಟ್ಟೆ ಹರಿದರೆ ಕಥೆ ಮುಗೀತು.

ದೀಪವೂ ಕಾಲ ಹೇಳುತ್ತದೆ. ಮೊದಲು ಎಣ್ಣೆ ದೀಪ, ಆಮೇಲೆ ಗ್ಯಾಸ್, ಆಮೇಲೆ ಗಾಲಿಯ ಅಚ್ಚಿನಿಂದ ಬೆಲ್ಟ್ ಹಾಕಿ ತಿರುಗಿಸುವ ಡೈನಮೋ. ಚಾವಣಿಯಲ್ಲಿ ಮುಚ್ಚಿದ ದುಂಡು ತೂತು ಕಂಡರೆ ಎಣ್ಣೆ ದೀಪದ ಜಾಗ ಇರಬಹುದು ಅಂತ ಗುರುತು ಹಾಕಿಕೊಳ್ಳಿ. ಮೂರನೇ ದರ್ಜೆ 1974ರಲ್ಲಿ ಹೋಯಿತು, ಅಂದರೆ ಗೋಡೆಯಲ್ಲಿ ಎರಡನೇ ದರ್ಜೆ ಅಂತಿದ್ದ ಮಾತ್ರಕ್ಕೆ ಮೊದಲಿಂದ ಅದೇ ಆಗಿತ್ತು ಅಂತ ಹೇಳಕ್ಕಾಗಲ್ಲ.

ಇಲ್ಲಿಂದ ಅಸಲಿ ಜಗಳ ಶುರು. ಡಬ್ಬಿಯನ್ನ ಯಾವ ವರ್ಷಕ್ಕೆ ವಾಪಸ್ ಒಯ್ಯಬೇಕು? ಕಟ್ಟಿದ ದಿನದ ರೂಪಕ್ಕೆ ಅಂದರೆ ಆಮೇಲೆ ಬಂದ ಫ್ಯಾನು, ಕಿಟಕಿ ಸರಳು, ಬಲ್ಬು ಎಲ್ಲ ಕಿತ್ತು ಹಾಕಬೇಕು. ಆದರೆ ಅವೂ ಇತಿಹಾಸವೇ ಅಲ್ವಾ? ನನ್ನ ಅಭಿಪ್ರಾಯ ಕೇಳಿದರೆ, ಕೊನೆಗೆ ಓಡಿದ ರೂಪದಲ್ಲೇ ಇಡುವುದು ಒಳ್ಳೆಯದು, ಹಳೆ ರೂಪಕ್ಕೆ ಗಟ್ಟಿ ಸಾಕ್ಷಿ ಕೈಯಲ್ಲಿದ್ದರೆ ಮಾತ್ರ ಹಿಂದಕ್ಕೆ ಹೋಗಬಹುದು. ಆ ಸಾಕ್ಷಿ ಜಾಸ್ತಿ ಸಿಗುವುದು ಬಣ್ಣದಲ್ಲಿ. ಅಂಗೈ ಅಗಲದ ಜಾಗದಲ್ಲಿ ಪದರ ಪದರವಾಗಿ ಉಜ್ಜುತ್ತಾ ಹೋದರೆ ನೀಲಿ ಕೆಳಗೆ ಕೆಂಗಂದು, ಅದರ ಕೆಳಗೆ ಕಂಪನಿ ಕಾಲದ ಬಣ್ಣ, ಕೆಲವೊಮ್ಮೆ ಅಕ್ಷರದ ಅಂಚು ಸಹ ಕಾಣುತ್ತದೆ. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ, ಒಣಗಿದ್ದನ್ನ ಹಾಗೇ ಉಜ್ಜಬೇಡಿ. ನೀರು ಹಾಕಿ, ಮಾಸ್ಕ್ ಹಾಕಿಕೊಂಡು ಉಜ್ಜಿ.

ನಮ್ಮ ಕಡೆ ನಿಲ್ಲಿಸಿಡುವುದಾದರೆ ಇನ್ನೊಂದು ಗೋಳು, ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಸರಿಯಾಗಿ ಅಡಿಪಾಯ ಹಾಕದೆ ಸುಮ್ನೆ ನಾಲ್ಕು ಹಳಿ ತುಂಡು ಹಾಸಿ ಡಬ್ಬಿ ಇಟ್ಟರೆ ಒಂದು ಮೂಲೆ ಕುಸಿದು ಇಡೀ ಮೈ ತಿರುಚಿಕೊಳ್ಳುತ್ತದೆ, ಬಾಗಿಲು ಹಾಕಲು ಬರುವುದಿಲ್ಲ. ರಾಯಚೂರಿನ ನಲವತ್ತು ಡಿಗ್ರಿ ಬಿಸಿಲಿಗೆ ಮರ ಒಣಗಿ ಜೋಡಣೆ ಬಿಡುತ್ತದೆ, ಆ ಬಿರುಕಿಗೆ ಮುಂಗಾರಿನ ನೀರು. ತಾಡಪಾಲು ಬಿಗಿಯಾಗಿ ಸುತ್ತಿದರೆ ಒಳಗೆ ತೇವ ನಿಂತು ಗೆದ್ದಲಿಗೆ ಹಬ್ಬ. ಗಾಳಿಯಾಡುವ ಶೆಡ್ ಒಂದೇ ದಾರಿ, ಖರ್ಚಾದರೂ ಸರಿ.

ಇಲ್ಲಿಯವರೆಗೆ ಉಳಿದಿರುವುದು ಯಾವುದು ಅಂತ ನೋಡಿದರೆ ಸ್ವಲ್ಪ ಬೇಜಾರಾಗುತ್ತದೆ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಲ್ಲಿ ಶುರುವಾಯಿತು, ಅಲ್ಲಿ 1899ರ ಮಹಾರಾಣಿ ಸಲೂನ್, ಅಂದರೆ ಮಹಾರಾಣಿಯ ಖಾಸಗಿ ಡಬ್ಬಿ ಇದೆ, ಅಡುಗೆ ಮನೆ, ಊಟದ ಕೋಣೆ ಸಮೇತ. ಚೆನ್ನಾಗಿದೆ, ನೋಡಲೇಬೇಕು. ಆದರೆ ನಮ್ಮ ಅಜ್ಜಂದಿರು ಮೂಟೆ ಮೇಲೆ ಕೂತು ಹೋದ ಮೂರನೇ ದರ್ಜೆ ಡಬ್ಬಿಗಳು ಹೆಚ್ಚಿನವು ಗುಜರಿಗೆ ಹೋದವು. 1990ರ ದಶಕದಲ್ಲಿ ಹುಬ್ಬಳ್ಳಿ ಸಾಲು ಬ್ರಾಡ್ ಗೇಜ್ ಆದಾಗ ಮೀಟರ್ ಗೇಜಿನ ಡಬ್ಬಿಗಳಿಗೆ ಇಲ್ಲಿ ಕೆಲಸವೇ ಉಳಿಯಲಿಲ್ಲ. ಹುಬ್ಬಳ್ಳಿಯಲ್ಲಿ 2020ರಲ್ಲಿ ಮ್ಯೂಸಿಯಂ ತೆರೆದಿದೆ, ಪ್ರಾಜೆಕ್ಟ್ ಮಾಡುವವರಿಗೆ ಅದು ಮೈಸೂರಿಗಿಂತ ಹತ್ತಿರ.

ಎಲ್ಲಾದರೂ ಹಳೆ ಡಬ್ಬಿ ಕಂಡರೆ ಗೋಡೆ ಮೇಲಿನ ನಂಬರ್ ಒಂದನ್ನೇ ನಂಬಬೇಡಿ. ಮರದ ಮೈ ಬದಲಾಗಿ ಚೌಕಟ್ಟು ಹಾಗೇ ಉಳಿದಿರಬಹುದು. ಬಗ್ಗಿ, ಕೆಳಗಿನ ಉದ್ದ ತೊಲೆಯ ಮೇಲೆ ತಯಾರಕರ ಫಲಕ ಇದೆಯಾ, ಗಾಲಿ ಅಚ್ಚಿನ ಪೆಟ್ಟಿಗೆ ಮುಚ್ಚಳದಲ್ಲಿ ಎರಕದ ಅಕ್ಷರ ಇದೆಯಾ ನೋಡಿ, ಎರಡರದ್ದೂ ಫೋಟೋ ತೆಗೆಯಿರಿ. ಎರಡರಲ್ಲಿ ಬೇರೆ ಬೇರೆ ಇಸವಿ ಬಂದರೆ ಎರಡನ್ನೂ ಬರೆದುಕೊಳ್ಳಿ, ಒಂದನ್ನ ಹೊಡೆದು ಹಾಕಬೇಡಿ.