ಅರವತ್ತು ವರ್ಷದ ಲೆಕ್ಕ ಎಲ್ಲಿಂದ ಬಂತು?

ಅಖಂಡ ಬಳ್ಳಾರಿ ಜಿಲ್ಲೆಯ ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ತೀರಿಕೊಂಡದ್ದು 1980ರಲ್ಲಿ. ವಾರಸುದಾರರ ಒಪ್ಪಿಗೆ ಕೇಳದೆ ಅವರ ಪುಸ್ತಕ ಅಚ್ಚು ಹಾಕಿಸಬೇಕೆಂದರೆ 2041ರ ಜನವರಿ 1ರವರೆಗೆ ಕಾಯಬೇಕು. ಕೃತಿಸ್ವಾಮ್ಯ (ಕಾಪಿರೈಟ್), ಅಂದರೆ ಕೃತಿಯ ಮೇಲಿನ ಹಕ್ಕು, ಲೇಖಕರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ಕೊಪ್ಪಳ ಸೀಮೆಯ ಸಿದ್ಧಯ್ಯ ಪುರಾಣಿಕರು ಹೋದದ್ದು 1994ರಲ್ಲಿ, ಹಾಗಾಗಿ ಅವರ ಕವಿತೆಗೆ 2055. ಮಾನ್ವಿಯ ಜಗನ್ನಾಥದಾಸರ ಪದಕ್ಕೆ ಯಾರನ್ನೂ ಕೇಳಬೇಕಿಲ್ಲ.

ಈ ಲೆಕ್ಕದಲ್ಲಿ ಜನ ಎಡವುವುದು ಹೆಚ್ಚಾಗಿ ಒಂದೇ ಕಡೆ. ಪುಸ್ತಕದ ಎರಡನೇ ಪುಟದಲ್ಲಿರುವ ಮೊದಲ ಮುದ್ರಣದ ಇಸವಿಗೆ 60 ಕೂಡಿಸಿಬಿಡುತ್ತಾರೆ. ಬದುಕಿದ್ದಾಗ ಪ್ರಕಟವಾದ ಕೃತಿಗೆ 1957ರ ಕೃತಿಸ್ವಾಮ್ಯ ಕಾಯ್ದೆಯ 22ನೇ ಕಲಮು ನೋಡುವುದು ಲೇಖಕರು ತೀರಿಕೊಂಡ ಇಸವಿಯನ್ನು. ಎಣಿಕೆ ಶುರುವಾಗುವುದು ಮರುವರ್ಷದ ಜನವರಿ 1ರಿಂದ. ಬಿ.ಎಂ. ಶ್ರೀಕಂಠಯ್ಯ ತೀರಿಕೊಂಡದ್ದು 1946ರ ಜನವರಿ 5ಕ್ಕೆ. 1947ರಿಂದ ಎಣಿಸಿ, 2006ರ ಡಿಸೆಂಬರ್ 31ಕ್ಕೆ ಮುಗಿಯಿತು. ಅವರು ಒಂದು ವಾರ ಮೊದಲೇ ಹೋಗಿದ್ದರೆ ಪುಸ್ತಕಗಳು ಒಂದು ವರ್ಷ ಮೊದಲೇ ಬಿಡುಗಡೆಯಾಗುತ್ತಿದ್ದವು. ಇಬ್ಬರು ಕೂಡಿ ಬರೆದಿದ್ದರೆ ಕೊನೆಗೆ ತೀರಿಕೊಂಡವರ ಇಸವಿ. ಅನುವಾದವಾದರೆ ಅನುವಾದಕರ ಹಕ್ಕು ಬೇರೆ. ಬರೆದವರ ಹೆಸರಿಲ್ಲದೆ ಬಂದದ್ದಕ್ಕೆ, ಲೇಖಕರು ತೀರಿಕೊಂಡ ಮೇಲೆ ಮೊದಲು ಅಚ್ಚಾದದ್ದಕ್ಕೆ ಪ್ರಕಟಣೆಯ ಇಸವಿ ಲೆಕ್ಕಕ್ಕೆ.

ಶುರುವಿನಲ್ಲಿ ಅವಧಿ ಇಷ್ಟಿರಲಿಲ್ಲ. 1710ರ ಇಂಗ್ಲೆಂಡಿನ ಕಾಯ್ದೆ ಹೊಸ ಪುಸ್ತಕಕ್ಕೆ ಕೊಟ್ಟದ್ದು 14 ವರ್ಷ, ಲೇಖಕ ಬದುಕಿದ್ದರೆ ಇನ್ನೊಂದು 14. ಹಕ್ಕು ಶಾಶ್ವತವಾಗಿ ತಮ್ಮದೇ ಎಂದು ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಹಟ ಹಿಡಿದರು. 1774ರಲ್ಲಿ ಅಲ್ಲಿನ ಪ್ರಭುಗಳ ಸಭೆ ಅದನ್ನು ತಳ್ಳಿಹಾಕಿತು. ಕಂಪನಿ ಸರ್ಕಾರ 1847ರಲ್ಲಿ ನಮಗೆ ತಂದ ಕಾಯ್ದೆಯಲ್ಲಿ 42 ವರ್ಷ, ಇಲ್ಲವೇ ಲೇಖಕನ ಆಯುಷ್ಯ ಮತ್ತು 7 ವರ್ಷ, ಯಾವುದು ಹೆಚ್ಚೋ ಅದು. 1911ರ ಬ್ರಿಟಿಷ್ ಕಾಯ್ದೆ ಮರಣಾನಂತರದ ಅವಧಿಯನ್ನು 50 ವರ್ಷಕ್ಕೆ ಏರಿಸಿತು, 1914ರ ಭಾರತೀಯ ಕಾಯ್ದೆ ಅದನ್ನು ಕೆಲವು ಮಾರ್ಪಾಡುಗಳೊಂದಿಗೆ ಬ್ರಿಟಿಷ್ ಇಂಡಿಯಾಕ್ಕೆ ಹೊಂದಿಸಿತು. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಅದು ನೇರವಾಗಿ ಅನ್ವಯ; ನಿಜಾಮರ ರಾಜ್ಯದಲ್ಲಿದ್ದ ರಾಯಚೂರು, ಕೊಪ್ಪಳ ಅದರ ಹೊರಗೆ. 1914ರ ಕಾಯ್ದೆಯಲ್ಲಿ ಓದುಗರಿಗೊಂದು ಅನುಕೂಲವೂ ಇತ್ತು: ಇಲ್ಲಿ ಮೊದಲು ಪ್ರಕಟವಾದ ಕೃತಿಯ ಅನುವಾದದ ಹಕ್ಕು ಲೇಖಕರಿಗೆ 10 ವರ್ಷ ಮಾತ್ರ. ಅಷ್ಟರೊಳಗೆ ಯಾವ ಭಾಷೆಗೆ ಅನುವಾದ ಮಾಡಿಸಿದ್ದರೋ ಆ ಭಾಷೆಯಲ್ಲಷ್ಟೇ ಹಕ್ಕು ಉಳಿಯುತ್ತಿತ್ತು.

ಸ್ವತಂತ್ರ ಭಾರತದ 1957ರ ಕಾಯ್ದೆಯೂ 50 ವರ್ಷವನ್ನೇ ಇಟ್ಟುಕೊಂಡಿತು. ಆಮೇಲೆ ಬಂತು ಟಾಗೋರರ ಪ್ರಕರಣ. ಅವರು ತೀರಿಕೊಂಡದ್ದು 1941ರಲ್ಲಿ, ಹಕ್ಕು 1991ರ ಕೊನೆಗೆ ಮುಗಿಯಬೇಕಿತ್ತು. ಇನ್ನು ಮೂರ್ನಾಲ್ಕು ದಿನ ಇದೆ ಎನ್ನುವಾಗ, ಡಿಸೆಂಬರ್ 28ಕ್ಕೆ, ಸುಗ್ರೀವಾಜ್ಞೆ ಬಂತು. 1992ರ ತಿದ್ದುಪಡಿ 50ನ್ನು 60 ಮಾಡಿತು. ಟಾಗೋರರ ಕೃತಿಗಳ ಹಕ್ಕು ಹೊಂದಿದ್ದ ವಿಶ್ವಭಾರತಿ ವಿಶ್ವವಿದ್ಯಾಲಯಕ್ಕೆ ಸಿಕ್ಕ ಹತ್ತು ವರ್ಷ, ಒಮ್ಮೆ ಅಚ್ಚಾಗಿ ಮರೆತುಹೋದ ಸಾವಿರಾರು ಪುಸ್ತಕಗಳಿಗೂ ಅಂಟಿಕೊಂಡಿತು. ಟಾಗೋರರನ್ನು ಹೇಗೂ ಯಾರಾದರೂ ಅಚ್ಚು ಹಾಕುತ್ತಿದ್ದರು. ಪೆಟ್ಟು ಬಿದ್ದದ್ದು ಸಿಂಧನೂರಿನಲ್ಲೋ ಗಂಗಾವತಿಯಲ್ಲೋ ಒಂದೇ ಮುದ್ರಣ ಕಂಡು, ವಾರಸುದಾರರು ಯಾರೆಂದು ತಿಳಿಯದ ಪುಸ್ತಕಕ್ಕೆ.

ಅಂಥ ಪುಸ್ತಕಕ್ಕೆ ದಾರಿ ಇಲ್ಲವೆಂದಲ್ಲ. 31ಎ ಕಲಮಿನಡಿ ವಾಣಿಜ್ಯ ನ್ಯಾಯಾಲಯದಿಂದ ಪರವಾನಗಿ ಪಡೆದು, ಅದು ಹೇಳಿದ ಖಾತೆಗೆ ರಾಯಧನ ಕಟ್ಟಿ ಅಚ್ಚು ಹಾಕಬಹುದು. ಆದರೆ ಅರ್ಜಿಗೆ ಮೊದಲು, ದೇಶದ ಬಹುಭಾಗದಲ್ಲಿ ಓಡಾಡುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಕನ್ನಡ ಪತ್ರಿಕೆಯಲ್ಲೂ ಕೊಡಬೇಕಾದದ್ದು ಕನ್ನಡಕ್ಕೆ ಅನುವಾದ ಮಾಡುವುದಿದ್ದರೆ ಮಾತ್ರ. ಮಸ್ಕಿಯ ಲೇಖಕರ ಮೊಮ್ಮಗನನ್ನು ಹುಡುಕುವ ರೀತಿ ಇದು! ಐನೂರು ಪ್ರತಿ ಹಾಕಿಸುವ ಸಣ್ಣ ಪ್ರಕಾಶಕರಿಗೆ ಜಾಹೀರಾತು, ವಕೀಲರ ಖರ್ಚಿಗೇ ಹಣ ಮುಗಿಯುತ್ತದೆ.

ಹಕ್ಕು ಪ್ರಕಾಶಕರ ಕೈಯಲ್ಲಿದೆ ಎಂದು ಸುಮ್ಮನಾಗುವ ಮನೆಯವರು ಹಳೆಯ ಕರಾರುಪತ್ರ ತೆಗೆದು ನೋಡಬೇಕು. 1995ರ ಮೇ ನಂತರದ ಕರಾರಿನಲ್ಲಿ ಅವಧಿ ಬರೆದಿಲ್ಲದಿದ್ದರೆ ಅದು ಐದೇ ವರ್ಷ. ಬೇರೆ ಷರತ್ತಿಲ್ಲದಿದ್ದಲ್ಲಿ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೆ ಹೋದರೂ ಅದು ಬಿದ್ದುಹೋಗುತ್ತದೆ. ಹಕ್ಕೇ ಬೇಡವೆಂದರೆ 2012ರಿಂದ ಸಾರ್ವಜನಿಕ ಪ್ರಕಟಣೆ ಕೊಟ್ಟು ಬಿಟ್ಟುಕೊಡಬಹುದು.

ದಾಸರ ಪದಕ್ಕೆ ಹಕ್ಕಿಲ್ಲ ಎಂದೆವಷ್ಟೆ. ಧ್ವನಿಮುದ್ರಣದ ಮಾತು ಬೇರೆ. ಭಜನಾ ಮಂಡಳಿಯವರು ರೂಢಿಯ ಧಾಟಿಯಲ್ಲಿ ತಾವೇ ಹಾಡಿ ಯೂಟ್ಯೂಬಿಗೆ ಹಾಕಿದರೆ ತೊಂದರೆಯಿಲ್ಲ. 1985ರಲ್ಲಿ ಹೊರಬಂದ ಕ್ಯಾಸೆಟ್ಟಿನ ಹಾಡನ್ನೇ ಹಾಕಿದರೆ, ಕಂಪನಿಯ ಹಕ್ಕು 2045ರ ಕೊನೆಯವರೆಗೂ ಇರುತ್ತದೆ.

ಪುಸ್ತಕಗಳ ಹಕ್ಕು ಮುಗಿಯುವವರೆಗೆ, ಲಾಭಕ್ಕಾಗಿ ನಡೆಯದ ಸಾರ್ವಜನಿಕ ಗ್ರಂಥಾಲಯಗಳು ಮಾಡಬಹುದಾದ ಒಂದು ಕೆಲಸವಿದೆ. ಭಾರತದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳವರೆಗೆ ತಮ್ಮ ಬಳಕೆಗೆ ಮಾಡಿಸಿಕೊಳ್ಳಬಹುದು. ಲಾಭಕ್ಕಾಗಿ ನಡೆಯದ ಗ್ರಂಥಾಲಯವಾದರೆ, ಕಪಾಟಿನಲ್ಲಿ ಈಗಾಗಲೇ ಇರುವ ಪುಸ್ತಕವನ್ನು ಸ್ಕ್ಯಾನ್ ಮಾಡಿ ಸಂರಕ್ಷಣೆಗಾಗಿ ಇಟ್ಟುಕೊಳ್ಳಬಹುದು. ಗೆದ್ದಲು 2041ರವರೆಗೆ ಕಾಯುವುದಿಲ್ಲ.