ಕೆತ್ತನೆ ಆಮೇಲೆ, ಮೊದಲು ತಿರುಪು ನೋಡಿ

ತುಮಕೂರಿನಲ್ಲಿ ಬಂದೂಕು ರಿಪೇರಿ ಅಂದರೆ ಬಹುಪಾಲು ಬೆಳೆ ರಕ್ಷಣೆಯ ಲೈಸೆನ್ಸಿನವೇ. ಗುಬ್ಬಿ, ಕುಣಿಗಲ್, ಮಧುಗಿರಿ ಕಡೆಯ ಒಂಟಿ ನಳಿಗೆ, ಜೋಡಿ ನಳಿಗೆಗಳು. ಸ್ಪ್ರಿಂಗ್ ಸತ್ತಿರುತ್ತದೆ, ಹಿಡಿ ಸೀಳಿರುತ್ತದೆ. ಚುನಾವಣೆ ಮುಗಿದ ಮೇಲಂತೂ ಠಾಣೆಯಲ್ಲಿ ಡಿಪಾಸಿಟ್ ಇಟ್ಟು ಬಿಡಿಸಿಕೊಂಡು ಬಂದವು ತುಕ್ಕು ತೆಗೆಸಿಕೊಳ್ಳಲು ಸಾಲುಗಟ್ಟುತ್ತವೆ. ಇವುಗಳ ನಡುವೆ ಅಪರೂಪಕ್ಕೊಮ್ಮೆ, ಹಳೇ ಜಮಖಾನದಲ್ಲಿ ಸುತ್ತಿಕೊಂಡು, ಬೋಲ್ಟ್ ಆಕ್ಷನ್ನಿನ, ಅಂದರೆ ಕೈಯಿಂದ ಅಗುಳಿ ಹಿಂದೆ ಮುಂದೆ ಎಳೆದು ಕಾಡತೂಸು ತುಂಬುವ, ಬೇಟೆ ರೈಫಲ್ ಒಂದು ಬರುತ್ತದೆ. "ನಮ್ಮ ತಾತಂದು ಸಾರ್, ವಿಲಾಯಿತಿ ಮಾಲು" ಎನ್ನುತ್ತಾ ತಂದವರು ಕೆತ್ತನೆಯನ್ನೋ ಬೆಳ್ಳಿಯ ತಗಡನ್ನೋ ಬೆರಳಿಟ್ಟು ತೋರಿಸುತ್ತಾರೆ. ನಾನು ಅದನ್ನು ಮಗುಚಿ ಹಾಕಿ ಟ್ರಿಗರ್ ಗಾರ್ಡಿನ ತಿರುಪು ನೋಡುತ್ತೇನೆ.

ಆರ್ಡರ್ ಕೊಟ್ಟು ಮಾಡಿಸಿದ ಒಳ್ಳೆಯ ರೈಫಲಿನಲ್ಲಿ ತಿರುಪುಗಳ ತಲೆಯ ಗೀರುಗಳೆಲ್ಲ ನಳಿಗೆಯ ಉದ್ದಕ್ಕೇ ನೇರವಾಗಿ ನಿಂತಿರುತ್ತವೆ. ಅದು ತಾನಾಗಿ ಆಗುವಂಥದ್ದಲ್ಲ. ತಿರುಪಿನ ತಲೆಯನ್ನು ಬೇಕೆಂದೇ ಎತ್ತರ ಬಿಟ್ಟು, ಪೂರ್ತಿ ಬಿಗಿದು, ಗೀರು ಎಲ್ಲಿ ಬರಬೇಕೆಂದು ಗುರುತು ಹಾಕಿ, ಬಿಚ್ಚಿ ಗೀರು ಕೊಯ್ದು, ಮತ್ತೆ ಬಿಗಿದು ಸುತ್ತಲಿನ ಲೋಹದ ಮಟ್ಟಕ್ಕೆ ಅರ ಹಾಕಬೇಕು. ಒಂದೊಂದು ತಿರುಪಿಗೂ ಇಷ್ಟು. ಬಂದೂಕಿನ ತಿರುಪಿನ ಗೀರು ತೆಳ್ಳಗಿರುತ್ತದೆ, ಅದರ ಅಳತೆಗೇ ಉಜ್ಜಿಕೊಂಡ ಡ್ರೈವರ್ ಬೇಕು. ಗೀರಿನ ಅಂಚು ಹರಿದಿದ್ದರೆ ಯಾರೋ ಸ್ವಿಚ್ ಬೋರ್ಡ್ ಬಿಚ್ಚುವ ಸ್ಕ್ರೂಡ್ರೈವರ್ ಹಾಕಿದ್ದಾರೆ ಎಂದರ್ಥ. ಆಗ ಒಳಗೂ ಹುಷಾರಾಗಿ ನೋಡಬೇಕು.

ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದದ್ದು ಕಳಪೆ ಅಂತಲ್ಲ. ನಮ್ಮ ಕಡೆ ಹೆಚ್ಚು ಕಾಣುವ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯ .315 ಬೋರಿನ (ನಳಿಗೆಯ ಒಳ ಅಳತೆ, ಅಂಗುಲದಲ್ಲಿ) ರೈಫಲ್ ಲೀ ಎನ್‌ಫೀಲ್ಡ್ ಆಕ್ಷನ್ನಿನ (ಕಾಡತೂಸು ತುಂಬಿ ಹಾರಿಸುವ ಯಂತ್ರಭಾಗ) ಗಟ್ಟಿಮುಟ್ಟು ಕೆಲಸ. ಸೈನ್ಯದ .303 ಕಾಡತೂಸು ಸಾಮಾನ್ಯರಿಗೆ ನಿಷಿದ್ಧವಾದ್ದರಿಂದ ಈ ಬೋರ್. ಅದು ಯಾರ ಕೈಗಾದರೂ ಸರಿ ಎಂಬಂತೆ ಮಾಡಿದ್ದು. ಮಾಡಿಸಿದ ರೈಫಲ್ ಒಬ್ಬರ ಕೈಗೆ, ಒಂದು ಕಾಡತೂಸಿಗೆ ಅಂತಲೇ ಮಾಡಿದ್ದು. ಲಂಡನ್ನಿನ ರಿಗ್ಬಿ ಕಂಪನಿ ಜರ್ಮನಿಯ ಓಬರ್ನ್‌ಡಾರ್ಫ್‌ನಿಂದ ಮೌಸರ್ ಆಕ್ಷನ್ ತರಿಸಿ, ಅದರ ಸುತ್ತ ತನ್ನ ಕೆಲಸ ಕಟ್ಟುತ್ತಿತ್ತು. ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಕೊಟ್ಟ .275 ರಿಗ್ಬಿ ಇದೇ ಜಾತಿಯದು. ಇನ್ನು ನಮ್ಮ ದೇವರಾಯನದುರ್ಗದ ಹುಲಿಯ ಕಥೆ ಬರೆದ ಕೆನೆತ್ ಆಂಡರ್ಸನ್ ಅವರ ಹೆಸರು ಹೇಳಿ ಬೋಲ್ಟ್ ರೈಫಲ್ ತೋರಿಸುವವರಿಗೆ ಒಂದು ಮಾತು: ಅವರ ಪ್ರೀತಿಯ .405 ವಿಂಚೆಸ್ಟರ್ ಬೋಲ್ಟಿನದಲ್ಲ, ಲಿವರಿನದು.

ಮೌಸರ್ ಆಕ್ಷನ್ನೇ ಯಾಕೆ? ಪಾಲ್ ಮೌಸರ್ 1898ರಲ್ಲಿ ಅದಕ್ಕೆ ಕೊಟ್ಟ ರೂಪವನ್ನು ಈಗಲೂ ಜನ ಹೊಸದಾಗಿ ಕಡೆದು ಮಾಡುತ್ತಿದ್ದಾರೆ. ಬೋಲ್ಟಿನ ಮುಂದೆ ಎರಡು ಬೀಗದ ಕಿವಿಗಳು, ಅವು ಕೈಕೊಟ್ಟರೆ ಆಧಾರಕ್ಕೆಂದು ಹಿಂದೆ ಮೂರನೆಯದು. ಕಾಡತೂಸಿನ ಹಿಂಭಾಗ ಸೀಳಿ ಗ್ಯಾಸ್ ನುಗ್ಗಿದರೆ ಅದು ಮುಖಕ್ಕೆ ಬಾರದಂತೆ ಬೋಲ್ಟಿನ ಮೈಯಲ್ಲಿ ತೂತುಗಳಿವೆ. ಆದರೆ ನನಗೆ ಮೆಚ್ಚುಗೆಯಾಗುವುದು ಬಲಗಡೆಯ ಉದ್ದನೆಯ ಕೊಕ್ಕೆ. ಮ್ಯಾಗಜಿನ್ನಿನಿಂದ ಕಾಡತೂಸು ಮೇಲೇಳುತ್ತಿದ್ದಂತೆಯೇ ಅದರ ಅಂಚು ಈ ಕೊಕ್ಕೆಯಡಿ ಜಾರಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ರೈಫಲನ್ನು ತಲೆಕೆಳಗು ಮಾಡಿದರೂ ಕಾಡತೂಸು ಬೀಳದು. ಗಾಬರಿಯಲ್ಲಿ ಬೋಲ್ಟನ್ನು ಅರ್ಧಕ್ಕೇ ಮುಂದೆ ತಳ್ಳಿ ಮತ್ತೆ ಪೂರ್ತಿ ಹಿಂದೆಳೆದರೂ ಹಿಡಿದಿದ್ದನ್ನು ಆಚೆ ಎಸೆದೇ ಇನ್ನೊಂದನ್ನು ತರುತ್ತದೆ. ಬರೀ ತಳ್ಳುವ ಆಕ್ಷನ್ನುಗಳಲ್ಲಾದರೆ ಇಂಥ ಹೊತ್ತಿನಲ್ಲಿ ಎರಡು ಕಾಡತೂಸು ಒಂದಕ್ಕೊಂದು ಗುದ್ದಿ ಸಿಕ್ಕಿಬೀಳಬಹುದು. ಮುಂದೆ ಹುಲಿ ಇದ್ದವನಿಗೆ ಈ ವ್ಯತ್ಯಾಸದ ಬೆಲೆ ಬೇರೆ ಹೇಳಬೇಕಿಲ್ಲ.

ಕಾಡತೂಸಿನ ಈ ಓಟ ಕಾರ್ಖಾನೆಯಿಂದ ಬಂದ ಆಕ್ಷನ್ನಿನಲ್ಲಿ ಸಿದ್ಧವಾಗಿ ಸಿಗದು. ಕಾಡತೂಸಿನ ಮೈ ಹಿಂದೆ ದಪ್ಪ, ಮುಂದಕ್ಕೆ ಸಣ್ಣ. ಮ್ಯಾಗಜಿನ್ನಿನ ಪೆಟ್ಟಿಗೆ ಅದೇ ಇಳಿಜಾರಿಗೆ ಹೊಂದಬೇಕು, ಮೇಲಿನ ತುಟಿಗಳನ್ನು ಕೂದಲೆಳೆಯಷ್ಟೇ ಅರ ಹಾಕಬೇಕು. ಒಂದು ಉಜ್ಜು ಹೆಚ್ಚಾದರೆ ಕಾಡತೂಸು ಬೇಗ ಹಾರಿಬರುತ್ತದೆ, ಆಕ್ಷನ್ ಕೆಟ್ಟಂತೆಯೇ. ಪುಡಿ ತುಂಬದ ಡಮ್ಮಿ ಹಾಕಿ, ಮೊದಲು ನಿಧಾನ, ಆಮೇಲೆ ಜೋರಾಗಿ ಬೋಲ್ಟ್ ಆಡಿಸಿ ನೋಡಿ. ಚೆನ್ನಾಗಿ ಕುಳಿತದ್ದರಲ್ಲಿ ಎರಡಕ್ಕೂ ಕೈಗೆ ಒಂದೇ ಅನುಭವ, ನಡುವೆ ಎಲ್ಲೂ ತಡೆ ಇಲ್ಲ. ಈ ಊರಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಇತ್ತಲ್ಲ, ಅಲ್ಲಿ ಟೂಲ್ ರೂಮಿನಲ್ಲಿದ್ದು ನಿವೃತ್ತರಾದವರಿಗೆ ಇಂಥ ಬೋಲ್ಟ್ ಕೊಟ್ಟರೆ ಏನೂ ಕೇಳದೆ ಸುಮ್ಮನೆ ಹಿಂದೆ ಮುಂದೆ ಆಡಿಸುತ್ತಾ ಕೂತುಬಿಡುತ್ತಾರೆ.

ಇನ್ನು ಮರ. ಅಕ್ರೋಟ್, ಅಂದರೆ ವಾಲ್‌ನಟ್, ನೋಡಲು ಚಂದ ಅಂತ ಮಾತ್ರ ಆರಿಸಿದ್ದಲ್ಲ. ಹಗುರ, ಒದೆತ ತಡೆಯುತ್ತದೆ, ಉಳಿಗೆ ಚೂಪಾದ ಅಂಚು ಕೊಡುತ್ತದೆ, ಒಮ್ಮೆ ಒಣಗಿದರೆ ಹೆಚ್ಚು ಕದಲುವುದಿಲ್ಲ. ಆ ಒಣಗುವುದೇ ದೊಡ್ಡ ಕೆಲಸ: ತಿಪಟೂರಿನವರು ಉಂಡೆ ಕೊಬ್ಬರಿಗೆಂದು ಕಾಯಿಯನ್ನು ಅಟ್ಟದಲ್ಲಿ ತಿಂಗಳುಗಟ್ಟಲೆ ಬಿಟ್ಟು ಅದರಷ್ಟಕ್ಕೇ ಒಣಗಲು ಕಾಯುತ್ತಾರಲ್ಲ, ಹಾಗೆ ಕಾಯಬೇಕು, ಇಲ್ಲಿ ತಿಂಗಳ ಬದಲು ವರ್ಷಗಟ್ಟಲೆ. ಆಮೇಲೆ ಎಳೆ. ಕೈಯಲ್ಲಿ ಹಿಡಿಯುವ ತೆಳು ಜಾಗದಲ್ಲಿ ಎಳೆ ಉದ್ದಕ್ಕೆ ನೇರವಾಗಿ ಹರಿದಿರಬೇಕು. ಸುಳಿ, ಹೊಗೆಬಣ್ಣದ ಚಿತ್ತಾರವೆಲ್ಲ ಹಿಂದಿನ ಅಗಲ ಭಾಗದಲ್ಲಿದ್ದರೆ ಸಾಕು. ಹಿಡಿಯಲ್ಲೇ ಸುಳಿ ಬಂದಿದ್ದರೆ, ಎಷ್ಟೇ ಚಂದವಿರಲಿ, ದೊಡ್ಡ ಬೋರಿನ ಒದೆತಕ್ಕೆ ಅಲ್ಲೇ ಸೀಳುತ್ತದೆ.

ಲೋಹಕ್ಕೆ ಮರ ಕೂರಿಸುವುದರಲ್ಲಿ ಕಸುಬುದಾರನ ನಿಜವಾದ ಪರೀಕ್ಷೆ. ಆಕ್ಷನ್ನಿನ ತಳಕ್ಕೆ ದೀಪದ ಮಸಿ ಬಳಿದು ಮರದೊಳಗೆ ಇಳಿಸಿ ಎತ್ತುತ್ತಾರೆ. ಮಸಿ ಹತ್ತಿದ ಕಡೆ ಮಾತ್ರ ಕೆರೆಯಬೇಕು. ಮತ್ತೆ ಮಸಿ, ಮತ್ತೆ ಕೆರೆತ. ಎಲ್ಲ ಕಡೆ ಒಂದೇ ಸಮ ಮಸಿ ಹತ್ತುವವರೆಗೂ ಇದೇ. ಮುಖ್ಯವಾಗಿ ಆಕ್ಷನ್ನಿನ ತಳದಲ್ಲಿ ಒದೆತ ಹೊರುವ ಕಿವಿಯ ಹಿಂದಿನ ಮರದ ಗೋಡೆ ಪೂರ್ತಿ ತಾಗಿರಬೇಕು. ಈಗ ಎಪಾಕ್ಸಿ ತುಂಬಿ ಸುಲಭ ಮಾಡಿಕೊಳ್ಳುತ್ತಾರೆ. ಅದು ಗಟ್ಟಿ, ತೇವಕ್ಕೆ ಉಬ್ಬುವುದಿಲ್ಲ, ನಾನೂ ಹಾಕುತ್ತೇನೆ. ಆದರೆ ಬಿಚ್ಚಿದಾಗ ಒಳಗೆ ಅಂಟು ಇಲ್ಲದೆ ಬರೀ ಉಳಿಯ ಕೆಲಸ ಕಂಡರೆ ಬೇರೆಯೇ ಗೌರವ. ಒಂದು ವಿಷಯ ನಮ್ಮ ಸೀಮೆಗೇ ಸೇರಿದ್ದು: ಮಲೆನಾಡಿನ ತೇವದಲ್ಲಿದ್ದ ರೈಫಲ್ ಮದುವೆಯಲ್ಲೋ ಪಾಲಿನಲ್ಲೋ ಪಾವಗಡ, ಶಿರಾ ಕಡೆ ಬಂದರೆ ಮರ ಕುಗ್ಗುತ್ತದೆ, ಆಕ್ಷನ್ ತಿರುಪು ಸಡಿಲವಾಗುತ್ತದೆ. "ಗುರಿ ತಪ್ಪುತ್ತಿದೆ" ಎಂದು ತಂದ ಎಷ್ಟೋ ರೈಫಲ್‌ಗಳಲ್ಲಿ ನಳಿಗೆಯ ತಪ್ಪೇನೂ ಇರುವುದಿಲ್ಲ.

ಇಂಥ ಮರಕ್ಕೆ ಅಗಸೆ ಎಣ್ಣೆಯನ್ನು ಅಂಗೈಯಲ್ಲೇ ತಿಕ್ಕಿ ತಿಕ್ಕಿ ಹೊಳಪು ತಂದಿರುತ್ತಾರೆ. ಹಿಡಿಯ ಚೌಕುಳಿ ಗೀರುಗಳಲ್ಲಿ ಒಂದು ಅಂಗುಲಕ್ಕೆ 22ರಿಂದ 26 ಗೆರೆ, ಪ್ರತಿ ಚೌಕುಳಿಯೂ ಚೂಪು ತುದಿಯ ವಜ್ರದಾಕಾರ. ದಯವಿಟ್ಟು ಇದನ್ನು ಮಂಚ, ಬೀರುವಿಗೆ ಪಾಲಿಶ್ ಹಾಕುವವರ ಕೈಗೆ ಕೊಡಬೇಡಿ. ವಾರ್ನಿಷ್ ಗೀರುಗಳಲ್ಲಿ ತುಂಬಿಕೊಂಡರೆ ಬಿಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ. ಉಪ್ಪುಕಾಗದ ಹಾಕಿ ಉಜ್ಜಿದರಂತೂ ಮರ ಲೋಹಕ್ಕಿಂತ ಕೆಳಗಿಳಿದು ಹೋಗುತ್ತದೆ, ಅದಕ್ಕೆ ಪರಿಹಾರವಿಲ್ಲ.

ಲೋಹದ ಕಪ್ಪು ನೀಲಿಯೂ ಹಾಗೆಯೇ. ಈಗಿನ ಕೆಲಸದಲ್ಲಿ ಕಾಸ್ಟಿಕ್ ಸೋಡಾ ಉಪ್ಪುಗಳ ಸುಮಾರು 140 ಡಿಗ್ರಿ ಕುದಿಯಲ್ಲಿ ಅದ್ದಿ ತೆಗೆದರೆ ಮುಗಿಯಿತು. ಹಳೆಯ ಕ್ರಮದಲ್ಲಿ ಬೇಕೆಂದೇ ತೆಳುವಾಗಿ ತುಕ್ಕು ಹಿಡಿಸಿ, ನೀರಿನಲ್ಲಿ ಕುದಿಸಿ ಕೆಂಪನ್ನು ಕಪ್ಪಾಗಿಸಿ, ಸಣ್ಣ ತಂತಿಯ ಬ್ರಷ್ಷಿನಿಂದ ಉದುರಿಸಿ, ಮತ್ತೆ ತುಕ್ಕು ಹಿಡಿಸುತ್ತಾರೆ, ಹಲವು ಸಲ. ಅದು ಮಿಂಚುವುದಿಲ್ಲ, ಮಂದವಾಗಿ ಕೂತಿರುತ್ತದೆ. ಹೊಳೆಯುತ್ತಿಲ್ಲ ಎಂದು ಬಫ್ ಹಾಕಿಸಿದವರಿಗೆ ನಂಬರು, ಮುದ್ರೆಗಳ ಅಂಚೂ ಸವೆದು ಹೋದದ್ದು ಆಮೇಲೆ ಗೊತ್ತಾಗುತ್ತದೆ.

ಭುಜಕ್ಕೆ ಏರಿಸಿ ನೋಡುವಾಗ ಖಾಲಿ ಇದೆಯೆಂದು ಬೋಲ್ಟ್ ತೆಗೆದು, ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡೇ ಏರಿಸಿ. ಕಣ್ಣು ಮುಚ್ಚಿ ಏರಿಸಿ ತೆರೆದಾಗ ಮುಂದಿನ ಗುರಿಮಣಿ ಹಿಂದಿನ ಕಚ್ಚಿನಲ್ಲಿ ಕೂತಿದ್ದರೆ ಆ ಸ್ಟಾಕ್, ಅಂದರೆ ಮರದ ಭಾಗ, ನಿಮ್ಮ ಮೈಯಳತೆಯದು. ಕೂರದಿದ್ದರೆ ಅದು ಕೆಟ್ಟದ್ದಲ್ಲ, ನಿಮ್ಮ ತಾತನ ತೋಳು ಉದ್ದವಿತ್ತು, ಅಷ್ಟೆ. ಸ್ಟಾಕ್ ಕೊಯ್ದು ಗಿಡ್ಡ ಮಾಡಿಸಲು ಹೋಗಬೇಡಿ.

ಬೇಟೆಗೆ ಅಂತ ಮಾಡಿದ ಈ ವಸ್ತುವಿಗೆ ಇಲ್ಲಿ ಬೇಟೆಯ ಕೆಲಸ ಉಳಿದಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದು ಮುಗಿದ ಅಧ್ಯಾಯ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಓಡಾಡುವುದನ್ನು ನೋಡಿದವರಾರೂ ಅದಕ್ಕೆ ಬೇಸರಪಡುವುದಿಲ್ಲ. ನಾನು ಹೇಳುತ್ತಿರುವುದು ಕೈಕೆಲಸದ ಮಾತು. ಹಾಗಾಗಿ ಇರುವುದನ್ನು ಕಾಪಾಡುವುದೇ ಮುಖ್ಯ. ಚರ್ಮದ ಕವರಿನೊಳಗೆ ವರ್ಷಗಟ್ಟಲೆ ಇಡಬೇಡಿ, ಚರ್ಮ ತೇವ ಎಳೆದು ಲೋಹವನ್ನು ಒಳಗೇ ತಿನ್ನುತ್ತದೆ. ಎಣ್ಣೆ ತೆಳುವಾಗಿ ಒರೆಸಿದರೆ ಸಾಕು. ನಿಲ್ಲಿಸಿಡುವುದಾದರೆ ನಳಿಗೆಯ ಬಾಯಿ ಕೆಳಗಾಗಿ ನಿಲ್ಲಿಸಿ, ಮೇಲಾಗಿದ್ದರೆ ಎಣ್ಣೆ ಇಳಿದು ಮರಕ್ಕೆ ಸೇರಿ ಮರ ಮೆತ್ತಗಾಗುತ್ತದೆ.

ಕೊನೆಗೆ ಎಲ್ಲರೂ ಬೆಲೆ ಕೇಳುತ್ತಾರೆ. ಹೊರದೇಶದ ಹರಾಜಿನ ಬೆಲೆ ಇಲ್ಲಿ ಲೆಕ್ಕಕ್ಕೆ ಬಾರದು. ಕೊಳ್ಳುವವರಿಗೆ ಲೈಸೆನ್ಸ್ ಬೇಕು, 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಹಳೆಯ ವಿಲಾಯಿತಿ ಬೋರಿನ ಕಾಡತೂಸು ಸಿಗುವುದೇ ಕಷ್ಟ. ಹಾಗಾಗಿ ವರ್ಷಗಟ್ಟಲೆ ಒಣಗಿಸಿದ ಅಕ್ರೋಟಿನ ರಿಗ್ಬಿಗಿಂತ ಇಷಾಪುರದ .315ಕ್ಕೆ ಗಿರಾಕಿ ಬೇಗ ಸಿಗುತ್ತಾರೆ. ಮಾರುವ ಯೋಚನೆ ಇದ್ದರೂ ಇಲ್ಲದಿದ್ದರೂ, ತಾತನ ಹೆಸರಿನ ಲೈಸೆನ್ಸ್ ಇನ್ನೂ ವಾರಸುದಾರರಿಗೆ ಬದಲಾಗದೆ ಉಳಿದಿದ್ದರೆ ಜಮಖಾನ ಬಿಚ್ಚಿ ನನ್ನ ಹತ್ತಿರ ಬರುವ ಮೊದಲು ಡಿಸಿ ಕಚೇರಿಗೆ ಹೋಗಿ ಬನ್ನಿ.