ಡಯಲ್ ಮೇಲೆ ಕಾರಿನ ಹೆಸರಿದ್ರೆ ಸಾಕಾ? ಹಳೇ ರೇಸಿಂಗ್ ವಾಚ್‌ಗಳನ್ನ ಕೊಳ್ಳೋದು, ಮತ್ತೆ ಓಡಿಸೋದು

ಹಳೇ ಹ್ಯೂಯರ್ ಕರೇರಾ ವಾಚ್ ಸರ್ವಿಸ್‌ಗೆ ತರೋರಲ್ಲಿ ಸುಮಾರು ಜನ ಕೇಳೋದು ಒಂದೇ ಪ್ರಶ್ನೆ, ಇದು ಪೋರ್ಶ ಕಾರಿಗೋಸ್ಕರ ಮಾಡಿದ್ದಲ್ವಾ ಅಂತ. ಅಲ್ಲ. 1950ರಿಂದ 1954ರವರೆಗೆ ಮೆಕ್ಸಿಕೋದಲ್ಲಿ ಕರೇರಾ ಪಾನಮೆರಿಕಾನಾ ಅಂತ ಒಂದು ಭಯಂಕರ ರಸ್ತೆ ರೇಸ್ ನಡೀತಿತ್ತು, ಪೋರ್ಶ ಕಂಪನಿ ಅಲ್ಲಿ ಹೆಸರು ಮಾಡಿದ ಮೇಲೆ 1955ರಲ್ಲಿ ತನ್ನ 356 ಕಾರಿನ ಒಂದು ಮಾಡೆಲ್‌ಗೆ ಕರೇರಾ ಅಂತ ಹೆಸರಿಟ್ಟಿತು, ಹ್ಯೂಯರ್ ಅನ್ನೋ ಸ್ವಿಸ್ ವಾಚ್ ಕಂಪನಿಯ ಜ್ಯಾಕ್ ಹ್ಯೂಯರ್ ಅವರು 1963ರಲ್ಲಿ, ಬಟನ್ ಒತ್ತಿ ಸಮಯ ಅಳೆಯೋ ತಮ್ಮ ಹೊಸ ಕ್ರೋನೋಗ್ರಾಫ್‌ಗೆ ಅದೇ ರೇಸಿನ ಹೆಸರಿಟ್ರು. ಎರಡೂ ಕಂಪನಿಗಳ ಈಗಿನ ಪಾಲುದಾರಿಕೆ ಶುರುವಾಗಿದ್ದು 2021ರಲ್ಲಿ. ಹಾಗಾಗಿ 1960ರ ದಶಕದ ಕರೇರಾ ಡಯಲ್ ಮೇಲೆ ಪೋರ್ಶ ಲೋಗೋ ಕಂಡ್ರೆ ಖುಷಿಪಡೋಕೆ ಮುಂಚೆ ಅನುಮಾನಪಡಿ.

ಈ ಹವ್ಯಾಸದಲ್ಲಿ ಜನ ದುಡ್ಡು ಕಳ್ಕೊಳ್ಳೋದು ಬಹುತೇಕ ಈ ಜಾಗದಲ್ಲೇ. ವಾಚ್‌ಗೂ ಕಾರಿಗೂ ಇರೋ ನಂಟು ಎಂಥದ್ದು ಅಂತ ತಿಳ್ಕೊಳ್ಳದೆ ಬರೀ ಹೆಸರಿಗೆ ದುಡ್ಡು ಸುರೀತಾರೆ. ಕೆಲವು ವಾಚ್‌ಗಳು ನಿಜವಾಗ್ಲೂ ರೇಸಿಗೆ ಬೇಕು ಅಂತ ಹುಟ್ಟಿದ್ವು, 1957ರ ಒಮೆಗಾ ಸ್ಪೀಡ್‌ಮಾಸ್ಟರ್ ಚಂದ್ರನ ಮೇಲೆ ಹೋಗಿದ್ದು ಆಮೇಲಿನ ಕಥೆ, ಮೊದಲು ಅದು ರೇಸ್ ಟೈಮ್ ಅಳೆಯೋರಿಗೆ ಅಂತಾನೇ ಮಾಡಿದ್ದು, ಟ್ಯಾಕಿಮೀಟರ್ ಅಂಕಿಗಳನ್ನ ಡಯಲ್‌ನಿಂದ ಎತ್ತಿ ಹೊರಗಿನ ರಿಂಗ್ ಮೇಲೆ ಹಾಕಿದ್ದೂ ಅದರಲ್ಲೇ ಮೊದಲು. ಆ ಟ್ಯಾಕಿಮೀಟರ್ ಕೆಲಸ ತುಂಬಾ ಸರಳ, 3600ನ್ನ ಸೆಕೆಂಡುಗಳಿಂದ ಭಾಗಿಸಿದ್ರೆ ಬರೋ ಸಂಖ್ಯೆ ಅಲ್ಲಿ ಅಚ್ಚಾಗಿರತ್ತೆ, ಒಂದು ಕಿಲೋಮೀಟರ್ ದಾಟೋಕೆ 30 ಸೆಕೆಂಡ್ ಆದ್ರೆ ಮುಳ್ಳು 120ರ ಹತ್ರ ನಿಂತಿರತ್ತೆ, ಅಂದ್ರೆ ವೇಗ ಗಂಟೆಗೆ 120 ಕಿಲೋಮೀಟರ್, ಅಷ್ಟೇ. ಇನ್ನು ಕೆಲವು ವಾಚ್‌ಗಳನ್ನ ಕಾರು ಕಂಪನಿಯವರೋ ರೇಸ್ ಟ್ರ್ಯಾಕಿನವರೋ ತಮ್ಮ ಲೋಗೋ ಹಾಕಿಸಿ ಆರ್ಡರ್ ಕೊಟ್ಟು ಮಾಡಿಸ್ತಿದ್ರು, ಇಂಡಿಯಾನಾಪೊಲಿಸ್ ಸ್ಪೀಡ್‌ವೇ ಲೋಗೋ ಇರೋ ಕರೇರಾಗಳು ಈ ಜಾತಿಯವು. ಸ್ವಿಸ್ ಕಂಪನಿ ಮೀಡೋ ಬುಗಾಟಿ ಕಾರಿನ ರೇಡಿಯೇಟರ್ ಆಕಾರದಲ್ಲೇ, ಆ ಕುದುರೆ ಲಾಳದ ಥರಾನೇ, ಪುಟ್ಟ ಕೈಗಡಿಯಾರ ಮಾಡಿತ್ತು, ಅದನ್ನ ನೋಡಿದವರು ಮರೆಯೋದು ಕಷ್ಟ. ಮೂರನೇ ಗುಂಪು ಅಂದ್ರೆ ಯಾವುದೋ ಸಾಧಾರಣ ವಾಚ್‌ಗೆ ಇತ್ತೀಚೆಗೆ ಯಾರೋ ಕಾರಿನ ಲೋಗೋ ಪ್ರಿಂಟ್ ಮಾಡಿ ಬಿಟ್ಟಿರೋದು, ಮಾರ್ಕೆಟ್‌ನಲ್ಲಿ ಇದು ಬೇಕಾದಷ್ಟಿದೆ.

ಅದಕ್ಕೇ ನಾನು ಹೇಳೋದು, ಮೊದಲು ಹಿಂದಿನ ಮುಚ್ಚಳ ತೆಗೆಸಿ ಮಷೀನ್ ನೋಡಿ. 1963ರ ಕರೇರಾದಲ್ಲಿ ದೊಡ್ಡ ಡಯಲ್ ಒಳಗೇ ಮೂರು ಪುಟ್ಟ ಡಯಲ್, ಅಂದ್ರೆ ಸಬ್‌ಡಯಲ್, ಇರೋ ಮಾಡೆಲ್ ಒಳಗೆ ವಾಲ್ಜೂ 72 ಮಷೀನ್ ಇರತ್ತೆ, ಅದೇ ವರ್ಷ ಬಂದ ರೋಲೆಕ್ಸ್ ಡೇಟೋನಾ ಒಳಗಿದ್ದದ್ದೂ ಅದೇ ಬುನಾದಿಯ ಮಷೀನು, ರೋಲೆಕ್ಸ್ ತನಗೆ ಬೇಕಾದ ಹಾಗೆ ಬದಲಾಯಿಸಿಕೊಂಡಿತ್ತು. 1969ರ ಚೌಕಾಕಾರದ ಮೊನಾಕೋ ಆದ್ರೆ ಒಳಗೆ ಕ್ಯಾಲಿಬರ್ 11 ಆಟೋಮ್ಯಾಟಿಕ್ ಇರ್ಬೇಕು, ಕೀ ಕೊಡೋ ತಿರುಪು ಎಡಗಡೆ, ಬಟನ್‌ಗಳು ಬಲಗಡೆ. ಪೋರ್ಶ 911ರ ಆಕಾರ ಕೊಟ್ಟ ಫರ್ಡಿನಾಂಡ್ ಅಲೆಕ್ಸಾಂಡರ್ ಪೋರ್ಶ 1972ರಲ್ಲಿ ತಮ್ಮದೇ ಡಿಸೈನ್ ಸ್ಟುಡಿಯೋ ಶುರು ಮಾಡಿ ತಂದ ಕಪ್ಪು ಕ್ರೋನೋಗ್ರಾಫ್, ಓರ್ಫಿನಾ ಕಂಪನಿ ಮಾಡಿಕೊಟ್ಟಿದ್ದು, ಅದರಲ್ಲಿ ವಾಲ್ಜೂ 7750 ಬರತ್ತೆ, ಆಮೇಲಿನವುಗಳಲ್ಲಿ ಲೆಮಾನಿಯಾ 5100. ಇವೆರಡನ್ನ ಮುಚ್ಚಳ ತೆಗೀದೇನೂ ಹೇಳಬಹುದು, ಲೆಮಾನಿಯಾದಲ್ಲಿ ಕ್ರೋನೋಗ್ರಾಫಿನ ನಿಮಿಷದ ಮುಳ್ಳು ಸಣ್ಣ ಸಬ್‌ಡಯಲ್‌ನಲ್ಲಿ ಇರಲ್ಲ, ಮಧ್ಯದಲ್ಲೇ ತಿರುಗತ್ತೆ. ಡಯಲ್ ಒಂದು ಕಥೆ ಹೇಳಿ ಮಷೀನ್ ಇನ್ನೊಂದು ಕಥೆ ಹೇಳಿದ್ರೆ ಆ ವಾಚ್ ಎಷ್ಟೇ ಚೆನ್ನಾಗಿ ಕಂಡ್ರೂ ಕೆಳಗಿಡಿ.

ಡಯಲ್ ವಿಷಯಕ್ಕೆ ಬಂದ್ರೆ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹಾಲಿವುಡ್ ನಟ ಪಾಲ್ ನ್ಯೂಮನ್ ಅವರ ಸ್ವಂತ ಡೇಟೋನಾ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರ್‌ಗೂ ಜಾಸ್ತಿಗೆ ಹೋಯ್ತು, ಆ ಥರದ ಡಯಲ್ ಮತ್ತು ಮಾಮೂಲಿ ಡಯಲ್ ಇರೋ ಡೇಟೋನಾಗಳಿಗೆ ಒಳಗಿನ ಮಷೀನ್‌ನಲ್ಲಿ ವ್ಯತ್ಯಾಸ ಇಲ್ಲ, ಬೆಲೆಯ ವ್ಯತ್ಯಾಸ ಎಲ್ಲಾ ಆ ತೆಳು ತಗಡಿನಲ್ಲಿ. ಹಾಗಿದ್ಮೇಲೆ ಡಯಲ್ ನಕಲಿ ಮಾಡೋರು ಸುಮ್ನೆ ಇರ್ತಾರಾ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೂಪ್ ಇಟ್ಟು ನೋಡಿ, ಅಸಲಿ ಪ್ರಿಂಟಿನಲ್ಲಿ ಅಕ್ಷರದ ಅಂಚು ಚೂಪಾಗಿ ಸ್ವಲ್ಪ ಉಬ್ಬಿರತ್ತೆ, ಮತ್ತೆ ಬಣ್ಣ ಹಾಕಿಸಿದ ಡಯಲ್‌ನಲ್ಲಿ ಅಕ್ಷರ ಮೊಂಡಾಗಿರತ್ತೆ, ನಿಮಿಷದ ಗೆರೆಗಳು ಗುರುತಿನ ಕಡ್ಡಿಗಳಿಗೆ ಸರಿಯಾಗಿ ಕೂರಲ್ಲ, ಸಬ್‌ಡಯಲ್‌ನ ತಗ್ಗಿನೊಳಗೆ ಇರೋ ವೃತ್ತಾಕಾರದ ಗೀರು ಬಣ್ಣದಡಿ ಮುಚ್ಚಿಹೋಗಿರತ್ತೆ, ಕೆಳಗೆ 6ರ ಹತ್ರ ಇರಬೇಕಾದ ಸ್ವಿಸ್ ಅನ್ನೋ ಪದಾನೇ ಕೆಲವು ಸಲ ಕಾಣೆ. ಲೋಗೋ ಮಾತ್ರ ಹೊಸದಾಗಿ ಹಾಕಿದ್ರೆ ಗೊತ್ತಾಗೋದು ಸವೆತದಿಂದ, ಇಡೀ ಡಯಲ್ ಹಳದಿಗೆ ತಿರುಗಿ ಚುಕ್ಕೆ ಬಿದ್ದಿರೋವಾಗ ಲೋಗೋ ಮಾತ್ರ ಹೊಳೀತಾ ಇದ್ರೆ ಅದು ಅಲ್ಲಿ ಹುಟ್ಟಿದ್ದಲ್ಲ.

ಅಸಲಿ ಡಯಲ್ ಸಿಕ್ಕಿದ್ರೆ ಅದು ಎಷ್ಟೇ ಮಂಕಾಗಿದ್ರೂ ಮುಟ್ಟಬೇಡಿ. ಇದನ್ನ ನಾನು ಗ್ರಾಹಕರ ಹತ್ರ ಜಗಳ ಆಡಿಯಾದ್ರೂ ಹೇಳ್ತೀನಿ. ಡಯಲ್‌ನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಪ್ರಿಂಟೇ ಎದ್ದು ಬರಬಹುದು, ಹಳೇ ಲ್ಯಾಕರ್ ಅಷ್ಟು ದುರ್ಬಲವಾಗಿರತ್ತೆ, ಗಾಳಿ ಊದೋ ರಬ್ಬರ್ ಬಲ್ಬಿನಿಂದ ಧೂಳು ಹಾರಿಸಿದ್ರೆ ಸಾಕು. ಕೇಸಿಗೂ ಇದೇ ಮಾತು. ಕರೇರಾದ ಚಂದ ಇರೋದೇ ಅದರ ಪಟ್ಟಿ ಕಟ್ಟೋ ಕೊಂಬುಗಳ ಚೂಪು ಅಂಚಿನಲ್ಲಿ, ಪಾಲಿಶ್ ಮಾಡೋ ಬಫ್ ಚಕ್ರಕ್ಕೆ ಒಂದೆರಡು ಸಲ ಕೊಟ್ರೆ ಆ ಅಂಚು ಸಾಬೂನಿನ ಥರ ಗುಂಡಗಾಗಿ ಹೋಗತ್ತೆ, ಹೋದ ಲೋಹ ವಾಪಸ್ ಬರಲ್ಲ. ಪಟ್ಟಿ ಬಿಚ್ಚಿ ಕೊಂಬುಗಳ ಮಧ್ಯೆ ನೋಡಿ, ಆ ಕಾಲದ ಹ್ಯೂಯರ್‌ಗಳಲ್ಲಿ ಒಂದು ಕಡೆ ಮಾಡೆಲ್ ನಂಬರ್ ಇನ್ನೊಂದು ಕಡೆ ಸೀರಿಯಲ್ ನಂಬರ್ ಕೆತ್ತಿರ್ತಾರೆ, ಆ ಅಂಕಿ ಅರ್ಧಂಬರ್ಧ ಅಳಿಸಿಹೋಗಿದ್ರೆ ಆ ಕೇಸ್ ಎಷ್ಟು ಪಾಲಿಶ್ ತಿಂದಿದೆ ಅಂತ ಅರ್ಥ ಆಗತ್ತೆ. ಕ್ರೋಮ್ ಲೇಪನದ ಕೇಸ್ ಆದ್ರಂತೂ ಪಾಲಿಶ್ ಅನ್ನೋ ಮಾತೇ ಬೇಡ, ಕೆಳಗಿನ ಹಿತ್ತಾಳೆ ಕಂಡುಬಿಡತ್ತೆ. ಪ್ಲಾಸ್ಟಿಕ್ ಗಾಜು ಮಾತ್ರ ಧಾರಾಳವಾಗಿ ಉಜ್ಜಿ, ಗೀರು ಹೋಗತ್ತೆ, ಬಿರುಕಿದ್ರೆ ಬದಲಾಯಿಸಿ, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಕತ್ತಲಲ್ಲಿ ಹೊಳೆಯೋ ಬಣ್ಣದ ಬಗ್ಗೆ ಹೇಳಲೇಬೇಕು ಯಾಕಂದ್ರೆ ಇದು ಆರೋಗ್ಯದ ಪ್ರಶ್ನೆ. 1960ರ ದಶಕಕ್ಕಿಂತ ಮುಂಚಿನ ಎಷ್ಟೋ ವಾಚ್‌ಗಳಲ್ಲಿ, ಕಾರಿನ ಗಡಿಯಾರಗಳಲ್ಲಿ ಕೂಡ, ರೇಡಿಯಂ ಇರತ್ತೆ. ಅದರ ಅರ್ಧಾಯುಷ್ಯ, ಅಂದ್ರೆ ವಿಕಿರಣ ಅರ್ಧಕ್ಕೆ ಇಳಿಯೋಕೆ ಹಿಡಿಯೋ ಕಾಲ, ಸುಮಾರು 1600 ವರ್ಷ, ಹೊಳಪು ನಿಂತಿರೋದು ಜೊತೆಗಿರೋ ಜಿಂಕ್ ಸಲ್ಫೈಡ್ ಸುಟ್ಟುಹೋಗಿರೋದ್ರಿಂದ, ವಿಕಿರಣ ಇನ್ನೂ ಹಾಗೇ ಇರತ್ತೆ. ಮುಚ್ಚಿದ ಕೇಸಿನೊಳಗೆ ಇದ್ದಾಗ ಅಪಾಯ ಕಮ್ಮಿ, ಆದ್ರೆ ಆ ಬಣ್ಣ ಕೆರೆದು ಪುಡಿ ಮಾಡಿ ಉಸಿರಿನಲ್ಲಿ ಎಳ್ಕೊಂಡ್ರೆ ಅದು ದೇಹದೊಳಗೆ ಕೂತ್ಕೊಳ್ಳತ್ತೆ. ಮನೇಲಿ ಊಟದ ಟೇಬಲ್ ಮೇಲೆ ಹಳೇ ಡಯಲ್ ಬಿಚ್ಚಿ ಕೂರೋ ಅಭ್ಯಾಸ ಇರೋರು ದಯವಿಟ್ಟು ನಿಲ್ಲಿಸಿ. ಆಮೇಲೆ ಬಂದ ಟ್ರಿಟಿಯಂನ ಅರ್ಧಾಯುಷ್ಯ ಬರೀ 12 ವರ್ಷ ಚಿಲ್ಲರೆ, ಹಾಗಾಗಿ 1965ರ ಟ್ರಿಟಿಯಂ ಡಯಲ್ ಈಗ ಕತ್ತಲಲ್ಲಿ ಹೊಳೀಬಾರದು, ಯುವಿ ಟಾರ್ಚ್ ಹಿಡಿದು ಆರಿಸಿದ ಮೇಲೂ ಮುಳ್ಳುಗಳು ಹಸಿರಾಗಿ ಉರೀತಾ ಇದ್ರೆ ಯಾರೋ ಹೊಸ ಬಣ್ಣ ತುಂಬಿದಾರೆ.

ಇಷ್ಟೆಲ್ಲಾ ಮುಟ್ಟಬೇಡಿ ಅಂದೆ, ಮಷೀನ್ ವಿಷಯದಲ್ಲಿ ನನ್ನ ಮಾತು ಪೂರ್ತಿ ಉಲ್ಟಾ. ಹೊರಗೆ ವಯಸ್ಸು ಕಾಣಲಿ, ಒಳಗೆ ಮಾತ್ರ ಹೊಸದರ ಹಾಗೆ ಇರಬೇಕು. ದಶಕಗಳಿಂದ ಡ್ರಾಯರ್‌ನಲ್ಲಿ ಮಲಗಿದ್ದ ಕ್ರೋನೋಗ್ರಾಫ್ ಸಿಕ್ಕ ತಕ್ಷಣ ಕೀ ಕೊಟ್ಟು ಬಟನ್ ಒತ್ತಿ ಓಡತ್ತಾ ಅಂತ ನೋಡೋ ಆಸೆ ಎಲ್ಲರಿಗೂ ಬರತ್ತೆ, ಆದ್ರೆ ಒಳಗಿನ ಎಣ್ಣೆ ಒಣಗಿ ಗೋಂದಾಗಿರತ್ತೆ, ಅದರ ಜೊತೆ ಧೂಳು ಸೇರಿ ಚಕ್ರದ ಅಚ್ಚುಗಳನ್ನ ಅರೆಯತ್ತೆ, ನಾಲ್ಕು ದಿನ ಓಡಿಸಿ ಖುಷಿಪಟ್ರೆ ಅಚ್ಚಿನ ತುದಿ ಸವೆದು ಖರ್ಚು ದುಪ್ಪಟ್ಟಾಗತ್ತೆ. ಸ್ಪ್ರಿಂಗಿನ ಬಿಗಿ ಇಳಿಸಿ, ಪ್ರತಿ ಹಂತದಲ್ಲೂ ಫೋಟೋ ತೆಗೆದು, ಪೂರ್ತಿ ಬಿಚ್ಚಿ, ತೊಳೆದು, ಅಚ್ಚುಗಳು ಕೂರೋ ಕಲ್ಲುಗಳ ತೂತು ಒಂದೊಂದಾಗಿ ಕಡ್ಡಿಯಲ್ಲಿ ಸ್ವಚ್ಛ ಮಾಡಿ, ಮೈನ್‌ಸ್ಪ್ರಿಂಗ್ ಹೊಸದು ಹಾಕಿ, ಜಾಗಕ್ಕೆ ತಕ್ಕ ಎಣ್ಣೆ ಹಾಕ್ಬೇಕು, ವೇಗವಾಗಿ ಓಡೋ ಬ್ಯಾಲೆನ್ಸ್ ಅಚ್ಚಿಗೆ ತೆಳು ಎಣ್ಣೆ, ನಿಧಾನವಾಗಿ ಭಾರ ಹೊರೋ ಜಾಗಕ್ಕೆ ದಪ್ಪ ಎಣ್ಣೆ, ಲಿವರ್‌ಗಳು ಉಜ್ಜೋ ಕಡೆ ಗ್ರೀಸ್. ಒಂದೇ ಬಾಟಲಿ ಎಣ್ಣೆ ಎಲ್ಲಾ ಕಡೆ ಹಾಕೋರ ಕೈಗೆ ಕ್ರೋನೋಗ್ರಾಫ್ ಕೊಡಬೇಡಿ.

ವಾಲ್ಜೂ 72ರಂಥ ಮಷೀನ್‌ನಲ್ಲಿ ಕೆಲವು ಸ್ಕ್ರೂಗಳು ಬರೀ ಬಿಗಿ ಮಾಡೋಕಲ್ಲ, ಅವುಗಳ ತಲೆ ಓರೆಯಾಗಿ ಕೂತಿರತ್ತೆ, ತಿರುಗಿಸಿದ್ರೆ ಚಕ್ರದ ಹಲ್ಲುಗಳು ಎಷ್ಟು ಆಳಕ್ಕೆ ಕಚ್ಚಿಕೊಳ್ಬೇಕು ಅನ್ನೋದೇ ಬದಲಾಗತ್ತೆ. ಕ್ರೋನೋಗ್ರಾಫ್ ಒತ್ತಿದಾಗ ಸೆಕೆಂಡ್ ಮುಳ್ಳು ಜಿಗಿದು ಶುರುವಾಗೋದು ಅಥವಾ ನಡುಗೋದು ಈ ಹೊಂದಾಣಿಕೆ ಕೆಟ್ಟಾಗ. ಸರ್ವಿಸ್ ಆದ ಮೇಲೆ ವಾಚ್ ಎಷ್ಟು ಸರಿಯಾಗಿ ಓಡ್ತಿದೆ ಅಂತ ಅಳೆಯೋ ಟೈಮ್‌ಗ್ರಾಫರ್ ಯಂತ್ರದ ರಿಪೋರ್ಟ್ ಕೇಳಿ, ನಾಚಿಕೆ ಬೇಡ. ಪೂರ್ತಿ ಕೀ ಕೊಟ್ಟು ವಾಚ್ ಅಂಗಾತ ಇಟ್ಟಾಗ ಆಂಪ್ಲಿಟ್ಯೂಡ್, ಅಂದ್ರೆ ಬ್ಯಾಲೆನ್ಸ್ ಚಕ್ರ ಮಧ್ಯದಿಂದ ಒಂದು ಕಡೆಗೆ ತಿರುಗೋ ಪ್ರಮಾಣ, 270 ಡಿಗ್ರಿ ಆಸುಪಾಸು ಬಂದ್ರೆ ಒಳ್ಳೇದು, ಕ್ರೋನೋಗ್ರಾಫ್ ಓಡಿಸಿದಾಗ ಅದು ಸ್ವಲ್ಪ ಇಳಿಯೋದು ಸಹಜ, ತೀರಾ ಕುಸಿದ್ರೆ ಎಲ್ಲೋ ಹಲ್ಲು ಜಾಸ್ತಿ ಕಚ್ಚಿಕೊಂಡಿದೆ. ಬಿಚ್ಚಿ ತೆಗೆದ ಹಳೇ ಭಾಗ ಯಾವುದೇ ಇರಲಿ, ಮುರಿದ ಗಾಜಿನಿಂದ ಹಿಡಿದು ಸವೆದ ಕೀವರೆಗೆ, ಒಂದು ಕವರಿನಲ್ಲಿ ಹಾಕಿ ವಾಪಸ್ ಇಸ್ಕೊಳ್ಳಿ, ಮುಂದೆ ಮಾರುವಾಗ ಅಸಲಿ ಕೀ ಕೈಯಲ್ಲಿರೋದು ದೊಡ್ಡ ವಿಷಯ.

ಇನ್ನು ನನಗೆ ತುಂಬಾ ಪ್ರೀತಿ ಇರೋ, ಆದ್ರೆ ಸಂಗ್ರಹ ಮಾಡೋರು ಅಷ್ಟಾಗಿ ತಿರುಗಿ ನೋಡದ ಜಾತಿ ಅಂದ್ರೆ ಡ್ಯಾಶ್‌ಬೋರ್ಡ್ ಗಡಿಯಾರಗಳು. ಕಾರಿನ ನಂಟು ಬೇಕು ಅಂದ್ರೆ ಇದಕ್ಕಿಂತ ನಿಜವಾದದ್ದು ಯಾವುದಿದೆ ಹೇಳಿ, ಇವು ಕಾರಿನ ಒಳಗೇ ಕೂತು, ಅದೇ ಬಿಸಿಲು ಅದೇ ಅದುರಾಟ ತಿಂದಿವೆ. ಹ್ಯೂಯರ್ 1911ರಲ್ಲೇ ಡ್ಯಾಶ್‌ಬೋರ್ಡ್‌ಗೆ ಟೈಮ್ ಆಫ್ ಟ್ರಿಪ್ ಅನ್ನೋ ಗಡಿಯಾರ ಮಾಡಿತ್ತು, 1933ರಲ್ಲಿ ಆಟೇವಿಯಾ ಬಂತು, ಅದು ಕೈಗಡಿಯಾರ ಆಗಿದ್ದು 1962ರಲ್ಲಿ. ಆ ಡ್ಯಾಶ್‌ಬೋರ್ಡ್ ಆಟೇವಿಯಾ ನಿಂತುಹೋದ ಹಿನ್ನೆಲೆ ಕೂಡ ಚೆನ್ನಾಗಿದೆ, ಜ್ಯಾಕ್ ಹ್ಯೂಯರ್ ಅವರೇ 1958ರಲ್ಲಿ ಒಂದು ರ್ಯಾಲಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳ್ತಾ ಆ ಸಣ್ಣ ಡಯಲ್‌ನ್ನ ಒಂದು ನಿಮಿಷ ತಪ್ಪಾಗಿ ಓದಿ ಗೆಲುವು ಕಳ್ಕೊಂಡ್ರು, ಆಮೇಲೆ ಗಂಟೆಯನ್ನ ಕಿಟಕಿಯಲ್ಲಿ ಅಂಕಿಯಾಗಿ ತೋರಿಸೋ ಮಾಂಟೆ ಕಾರ್ಲೋ ಸ್ಟಾಪ್‌ವಾಚ್ ಬಂತು, ಅದರ ಪಕ್ಕಕ್ಕೆ ಎಂಟು ದಿನ ಓಡೋ ಮಾಸ್ಟರ್ ಟೈಮ್ ಗಡಿಯಾರ. ಅಮೆರಿಕದ ವಾಲ್ತಮ್ ಕಂಪನಿಯ ಎಂಟು ದಿನದ ಕಾರ್ ಗಡಿಯಾರಗಳೂ ಗಟ್ಟಿ ಸಾಮಾನು, ಒಳಗಿನ ಮಷೀನ್ ದೊಡ್ಡದು, ಕಲಿಯೋರಿಗೆ ಕೈ ಪಳಗಿಸೋಕೆ ಇದಕ್ಕಿಂತ ಒಳ್ಳೇದು ಸಿಗಲ್ಲ.

ಎಲೆಕ್ಟ್ರಿಕ್ ಡ್ಯಾಶ್‌ಬೋರ್ಡ್ ಗಡಿಯಾರ ಕೆಟ್ಟಿದೆ ಅಂತ ತರೋರಲ್ಲಿ ಅರ್ಧಕ್ಕರ್ಧ ಜನರದ್ದು ನಿಜವಾಗಿ ಕೆಟ್ಟಿರಲ್ಲ. ಹಳೇ ಅಮೆರಿಕನ್ ಕಾರುಗಳಲ್ಲಿ ಬರ್ತಿದ್ದದ್ದು ಸ್ಪ್ರಿಂಗ್ ಗಡಿಯಾರಾನೇ, ಕರೆಂಟಿನ ಕೆಲಸ ಬರೀ ಕೀ ಕೊಡೋದು, ಸ್ಪ್ರಿಂಗ್ ಸಡಿಲ ಆದಾಗ ಕರೆಂಟ್ ಹರಿಸೋ ಎರಡು ಪಾಯಿಂಟ್ ತಾಗಿ ಕಾಯಿಲ್ ಒಂದು ಏಟು ಕೊಟ್ಟು ಮತ್ತೆ ಬಿಗಿ ಮಾಡತ್ತೆ, ಪ್ರತಿ ಒಂದೆರಡು ನಿಮಿಷಕ್ಕೆ ಟಕ್ ಅಂತ ಕೇಳೋ ಸದ್ದು ಅದೇ. ಪಾಯಿಂಟ್ ಕರಕಲಾಗಿದ್ರೆ ನುಣ್ಣಗಿನ ಪೇಪರಿನಲ್ಲಿ ಮೃದುವಾಗಿ ಉಜ್ಜಿ, ಒಳಗೆ ತೊಳೆದು ಎಣ್ಣೆ ಹಾಕಿದ್ರೆ ಎಷ್ಟೋ ಗಡಿಯಾರ ಎದ್ದು ಕೂರತ್ತೆ. ಇದನ್ನ ಬಿಟ್ಟು ಒಳಗಿನದೆಲ್ಲಾ ಕಿತ್ತು ಕ್ವಾರ್ಟ್ಜ್ ಮಷೀನ್ ತುಂಬಿಸೋದು ಈಗ ಮಾಮೂಲಾಗಿದೆ, ದಿನಾ ಓಡಿಸೋ ಕಾರಾದ್ರೆ ನಾನು ಬೇಡ ಅನ್ನಲ್ಲ, ಅಸಲಿ ಮಷೀನ್‌ನ್ನ ಮಾತ್ರ ಎಸೀಬೇಡಿ.

ವಾಪಸ್ ಕೂರಿಸೋ ಮುಂಚೆ ಕಾರಿನ ವೋಲ್ಟೇಜ್ ನೋಡಿ, 6 ವೋಲ್ಟಿನ ಗಡಿಯಾರಕ್ಕೆ 12 ಕೊಟ್ರೆ ಕಾಯಿಲ್ ಹೋಗತ್ತೆ, ಹಳೇ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ಕಡೆಯೇ ಕಾರಿನ ಲೋಹದ ಮೈಗೆ ಸೇರಿರತ್ತೆ, ಡಯೋಡ್ ಅಥವಾ ಟ್ರಾನ್ಸಿಸ್ಟರ್ ಇರೋ, ಬ್ರಿಟನ್ನಿನ ಸ್ಮಿತ್ಸ್ ಕಂಪನಿಯ ಗಡಿಯಾರ ಆದ್ರೆ ವೈರ್ ಉಲ್ಟಾ ಕೊಟ್ಟ ಕ್ಷಣವೇ ಸುಡಬಹುದು. ಇನ್ನು ಕಾರನ್ನ ತಿಂಗಳುಗಟ್ಟಲೆ ನಿಲ್ಲಿಸೋ ಹಾಗಿದ್ರೆ ಗಡಿಯಾರದ ವೈರ್ ಬಿಚ್ಚಿಡಿ, ಬ್ಯಾಟರಿ ನಿಧಾನಕ್ಕೆ ಇಳಿದಾಗ ಕಾಯಿಲ್‌ಗೆ ಏಟು ಕೊಡೋ ಶಕ್ತಿ ಇರಲ್ಲ, ಪಾಯಿಂಟ್‌ಗಳು ತಾಗಿಕೊಂಡೇ ಉಳಿದು ಬಿಸಿಯಾಗಿ ಅಂಟಿಕೊಂಡುಬಿಡತ್ವೆ, ಸರಿ ಮಾಡಿದ ಗಡಿಯಾರ ಮತ್ತೆ ಬೆಂಚಿಗೆ ಬರೋದು ಹೆಚ್ಚಾಗಿ ಈ ಕಾರಣಕ್ಕೇ.